ಸೀರೆಗೆ ಸ್ನೀಕರ್ಸ್

ಸೈರನ್ ಕೂಗಿದಾಗ ನಾವು ಮೂವತ್ತು ಜನ ಬರಿಗಾಲಲ್ಲಿದ್ದೆವು. ಲಿಸ್ಲ್ ಎಂಬ ಅಮೆರಿಕನ್ ಊರಿನ ಲತಾಶ್ರೀ ಆಂಟಿಯ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಚಪ್ಪಲಿ, ಶೂಗಳೆಲ್ಲ ಹೊರಗೆ ಪೋರ್ಚಿನಲ್ಲಿ. ಮಧ್ಯಾಹ್ನದಿಂದಲೇ ಎಲ್ಲರ ಫೋನುಗಳು ಟಾರ್ನೇಡೊ, ಸುಂಟರಗಾಳಿ ಬರುತ್ತಿದೆ ಎಂದು ಬಡಿದುಕೊಳ್ಳುತ್ತಿದ್ದವು. ಮಂಗಳಾರತಿ ಆಗಲಿ ಎಂದು ಆಂಟಿ ಹಟ ಹಿಡಿದಿದ್ದರು.

ನನಗೋ ಬೇರೆಯೇ ಚಡಪಡಿಕೆ. ಮರುದಿನ ಬೆಳಿಗ್ಗೆ ಕಾರು ಓಡಿಸಿಕೊಂಡು ಡೆಟ್ರಾಯಿಟ್‌ಗೆ ಹೋಗಬೇಕಿತ್ತು, ಅಪ್ಪ ಹುಬ್ಬಳ್ಳಿಯಲ್ಲೇ ಕೂತು ಗೊತ್ತುಮಾಡಿದ ಹುಡುಗನನ್ನು ನೋಡಲು. ಕಿಶೋರನಿಗೆ ಹೇಳಿ ವಾರವಾಗಿತ್ತು. ವರ್ಷದಿಂದ ಪ್ರತಿ ಭಾನುವಾರ ನನ್ನೊಡನೆ ಕಾಫಿ ಕುಡಿಯುವ ಈ ಮೈಸೂರಿನ ಮಹಾಶಯ, "ಹೌದಾ? ಟೈರ್ ಚೆಕ್ ಮಾಡಿಸಿದ್ಯಾ?" ಎಂದಷ್ಟೇ ಕೇಳಿದ್ದ.

ಎಲ್ಲರೂ ಮನೆಯಡಿಯ ಬೇಸ್‌ಮೆಂಟಿಗೆ ಇಳಿಯುವಾಗ ತಿರುಗಿ ನೋಡಿದರೆ, ಪೂಜೆಗೆ ಬಂದಿದ್ದ ಕಿಶೋರನೇ ಇಲ್ಲ. ಸುಂಟರಗಾಳಿಯ ವಿಡಿಯೋ ಮಾಡಲು ಹೋದನೇ? ಮೊದಲು ಸಿಟ್ಟು ಬಂತು, ಅದರ ಹಿಂದೆಯೇ ಭಯ. ಬಾಗಿಲು ಮುಚ್ಚುವಷ್ಟರಲ್ಲಿ ಓಡಿಬಂದ, ಶಲ್ಯದಲ್ಲಿ ಸುತ್ತಿದ ಏನನ್ನೋ ಎದೆಗವಚಿಕೊಂಡು.

"ಎಲ್ಲಿ ಹೋಗಿದ್ದಿ? ಸಾಯ್ಬೇಕಂತ ಮಾಡೀಯೇನು?"

"ಬಂದ್ನಲ್ಲಾ, ಡಾಕ್ಟ್ರೇ."

ಆಗ ಶಬ್ದ ಬಂತು. ಕಿವಿ ಗಡಚಿಕ್ಕಿತು, ಮನೆ ನಡುಗಿತು, ಮೇಲೆ ಗಾಜು ಒಡೆಯುತ್ತಲೇ ಹೋಯಿತು. ನಾನು ಅವನ ತೋಳನ್ನು ಹಿಡಿದಿದ್ದೇನೆಂದು ಗೊತ್ತಾದದ್ದು ಎಲ್ಲ ನಿಂತ ಮೇಲೆ. ಬೆರಳಿನ ಗುರುತು ಮೂಡಿತ್ತು.

ಮೇಲೆ ಬಂದರೆ ಪೋರ್ಚೇ ಇಲ್ಲ, ಚಪ್ಪಲಿಗಳೂ ಇಲ್ಲ. ಹಾಲ್ ತುಂಬ ಗಾಜು. ಎದುರು ಸಾಲಿನ ಮೂರು ಮನೆಗಳ ಸೂರು ಹಾರಿಹೋಗಿತ್ತು. ಅಲ್ಲಿಂದ ಯಾರೋ ಕೂಗುತ್ತಿದ್ದರು.

"ವಾಣಿಶ್ರೀ, ಇರೋಳು ನೀನೊಬ್ಳೇ ಡಾಕ್ಟ್ರು ಕಣೆ!" ಎಂದರು ಆಂಟಿ. ಆದರೆ ಕಾಲಿಡುವುದೆಲ್ಲಿ?

ಕಿಶೋರ ಶಲ್ಯ ಬಿಚ್ಚಿದ. ಒಳಗೆ ನನ್ನ ನೀಲಿ ಸ್ನೀಕರ್ಸ್! ಸೀರೆಗೆ ಹಾಕುತ್ತೀಯಲ್ಲ ಎಂದು ಅವನು ಸದಾ ರೇಗಿಸುವ ಅದೇ ಜೋಡಿ.

"ನಿಂದೆಲ್ಲಿ?"

"ಪಕ್ಕದಲ್ಲೇ ಇತ್ತು. ನೆನಪೇ ಆಗ್ಲಿಲ್ಲ."

ಕಿವಿ ಕೆಂಪಗಾಯಿತು ಅವನಿಗೆ. ಬಗ್ಗಿ ನನ್ನ ಲೇಸ್ ಕಟ್ಟಿದ, ತಲೆ ಎತ್ತಲಿಲ್ಲ. ಇಷ್ಟು ಪ್ರೀತಿ ಇಟ್ಟುಕೊಂಡು ಟೈರಿನ ಮಾತಾಡಿದ್ದನಲ್ಲ, ಕಳ್ಳ!

ಓಡಿದೆ. ಎದುರುಮನೆಯ ದ್ವಾರಕಾನಾಥ ಅಂಕಲ್‌ರ ಹಣೆ ಒಡೆದಿತ್ತು, ಅವರ ಹೆಂಡತಿಯ ಕೈ ಮುರಿದಿತ್ತು. ಆಂಬುಲೆನ್ಸ್ ಬರುವವರೆಗೆ ಅವರ ಬಳಿಯೇ ಇದ್ದೆ.

ಹಿಂದಿರುಗಿದಾಗ ಕಿಶೋರ ಬೇಸ್‌ಮೆಂಟಿನ ಮೇಲ್ಮೆಟ್ಟಿಲ ಮೇಲೆ ಬರಿಗಾಲಲ್ಲಿ ಕೂತು ನನ್ನ ದಾರಿ ನೋಡುತ್ತಿದ್ದ. ನಾನು ಪೊರಕೆ ಹಿಡಿದು ಬಾಗಿಲಿನಿಂದ ಅವನವರೆಗೆ ಗಾಜು ಗುಡಿಸುತ್ತ ಹೋದೆ.

"ನಾಳೆ ಡೆಟ್ರಾಯಿಟ್‌ಗೆ ಹೋಗಂಗಿಲ್ಲ ನಾ."

"ಹೌದು, ರೋಡೆಲ್ಲ ಬ್ಲಾಕ್ ಆಗಿರತ್ತೆ."

"ರೋಡ್ ಓಪನ್ನೇ ಅದ, ಹುಚ್ಚಪ್ಪಾ," ಎಂದೆ. "ಏಳು, ಗುಡಿಸಿದಲ್ಲೇ ಕಾಲಿಟ್ಟು ಬಾ."