ಕಟ್ಟಿನ ಗಂಟು

ದಾಖಲೆ ಕೋಣೆಯ ಬೀಗ ಹಾಕಿದಂತೆಯೇ ಇತ್ತು. ಒಳಗೆ ವಿಶ್ವವಿದ್ಯಾಲಯದ ಮೊದಲ ವರ್ಷದ ದಾಖಲಾತಿ ಪುಸ್ತಕ ಮಾತ್ರ ಇರಲಿಲ್ಲ.

ಮರುದಿನ ನಲವತ್ತನೇ ವರ್ಷದ ಸಮಾರಂಭ. ಬಂದವರೆಲ್ಲ ಪುಟ ತಿರುವಿ ನೋಡಲೆಂದು ಅದನ್ನು ಮೇಜಿನ ಮೇಲಿಡುವುದಿತ್ತು. ಕೋಣೆ ನೋಡಿಕೊಳ್ಳುತ್ತಿದ್ದವಳು ಗುಮಾಸ್ತೆ. ಸಂಜೆಯೊಳಗೆ ಪುಸ್ತಕ ಸಿಗದಿದ್ದರೆ ಕೆಲಸದಿಂದ ತೆಗೆಯುತ್ತೇನೆಂದು ಕುಲಸಚಿವರು ಹೇಳಿಬಿಟ್ಟಿದ್ದರು.

ಅವಳು ನಿವೃತ್ತ ಜವಾನನಿಗೆ ಹೇಳಿ ಕಳಿಸಿದಳು. ಮುದುಕ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿದ.

"ಅಜ್ಜ, ನನ್ನ ಮೇಲೆ ನಿಮಗೂ ಅನುಮಾನವಾ?"

"ನಿನ್ನ ಮೇಲಾ? ಚಹಾ ಕಪ್ಪು ಎಲ್ಲಿಟ್ಟೆ ಅಂತ ದಿನಾ ಹುಡುಕೋಳು, ಪುಸ್ತಕ ಬಚ್ಚಿಡ್ತೀಯಾ?"

ಅಳುತ್ತಿದ್ದವಳು ನಕ್ಕಳು.

\* \* \*

ಕಿಟಕಿಯ ಸರಳೊಂದು ಕಿತ್ತುಬಂದಿತ್ತು. ಕಳ್ಳ ಅಲ್ಲಿಂದಲೇ ಬಂದ ಎಂದು ಕಾವಲುಗಾರ ವಾದಿಸಿದ. ಮುದುಕ ಕಿಟಕಿಯ ಕಟ್ಟೆಯ ಮೇಲೆ ಬೆರಳಾಡಿಸಿದ. ಬೆರಳು ದಪ್ಪ ಧೂಳು, ಕದಲಿರಲಿಲ್ಲ.

ಪುಸ್ತಕವಿದ್ದ ಕಡತಗಳ ಕಟ್ಟನ್ನು ಯಾರೋ ಬಿಚ್ಚಿ ಮತ್ತೆ ಕಟ್ಟಿದ್ದರು. ಮುದುಕ ಗಂಟನ್ನು ಮುಟ್ಟಿದ. ಹಾಗೆಯೇ ಕುಳಿತುಬಿಟ್ಟ.

ಈ ಕಟ್ಟಡ ಮೊದಲು ನೂಲಿನ ಗಿರಣಿ. ಗಿರಣಿ ಮುಚ್ಚಿದಾಗ ಅವನು ಇಲ್ಲೇ ಜವಾನನಾದ. ಮೊದಲ ವರ್ಷ ಬಂದವರು ನಲವತ್ತೊಂದು ಮಕ್ಕಳು. ಬೆಂಚಿಲ್ಲ, ಗಂಟೆಯಿಲ್ಲ. ಗೋಡೆಯೆಲ್ಲ ಹತ್ತಿಯ ಎಳೆ. ಮೇಷ್ಟ್ರುಗಳೇ ಕಸ ಗುಡಿಸಿದ್ದರು. ಕಡತಗಳಿಗೆ ನೂಲಿನ ತುಂಡೇ ಗತಿ. ಹರಿದ ಎಳೆ ಜೋಡಿಸುವ ನೇಕಾರರ ಗಂಟನ್ನು ಅವನೇ ಮಕ್ಕಳಿಗೆ ಕಲಿಸಿದ್ದ. ಈ ಕಟ್ಟಿನ ಮೇಲಿದ್ದದ್ದೂ ಅದೇ ಗಂಟು.

"ನೀನು ಹೇಗೆ ಕಟ್ತೀಯ, ತಾಯಿ?"

ಅವಳು ಕಟ್ಟಿ ತೋರಿಸಿದಳು. ಎಳೆದರೆ ಬಿಚ್ಚುವ ಗಂಟು.

\* \* \*

ಮುದುಕ ಕುಲಸಚಿವರ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದ.

"ಆ ಗಂಟು ಬರೋದು ನನಗೆ, ಮೊದಲ ವರ್ಷದ ಮಕ್ಕಳಿಗೆ. ಆ ಮಕ್ಕಳಲ್ಲಿ ಇಲ್ಲಿ ಉಳಿದೋರು ನೀವೊಬ್ಬರೇ, ಸಾರ್. ಇನ್ನೊಂದು ಕೀಲಿ ಇರೋದೂ ನಿಮ್ಮ ಹತ್ತಿರ. ಅವಸರದಲ್ಲಿ ಕೈ ತನ್ನ ಪಾಡಿಗೆ ತಾನು ಕಟ್ಟಿಬಿಡ್ತು."

 ಕುಲಸಚಿವರು ಬೀರು ತೆರೆದು ಪುಸ್ತಕ ತೆಗೆದರು. ಅವರ ಹೆಸರಿನ ಮೇಲೆ ಕೆಂಪು ಗೀಟು. ಪರೀಕ್ಷೆಯಲ್ಲಿ ಚೀಟಿಯೊಡನೆ ಸಿಕ್ಕಿಬಿದ್ದದ್ದಕ್ಕೆ ಹೊರಹಾಕಿದೆ ಎಂಬ ಸಾಲು. ಕೆಳಗೆ, ಜವಾನನ ಜಾಮೀನಿನ ಮೇಲೆ ಮತ್ತೆ ಸೇರಿಸಿಕೊಂಡಿದೆ. ಪಕ್ಕದಲ್ಲಿ ಮುದುಕನ ಹೆಬ್ಬೆಟ್ಟಿನ ಗುರುತು.

"ನಾಳೆ ಎಲ್ಲರೂ ಓದ್ತಿದ್ರು, ಅಣ್ಣಾ."

"ಓದಲಿ. ಒಂದು ಸಲ ತಪ್ಪಿದ ಹುಡುಗನ್ನ ಈ ಜಾಗ ಕೈಬಿಡಲಿಲ್ಲ ಅಂತ ತಿಳೀಲಿ. ಆ ಗುಮಾಸ್ತೆಗೆ ಜಾಮೀನು ನಿಲ್ಲೋರು ಯಾರಿದ್ರು, ಹೇಳಿ?"

ಕುಲಸಚಿವರು ಪುಸ್ತಕ ಎತ್ತಿಕೊಂಡರು. ಗುಮಾಸ್ತೆಯನ್ನು ಕರೆಸಲೇ ಎಂದು ಮುದುಕ ಕೇಳಿದ.

ಬೇಡ ಎಂದು ತಲೆಯಾಡಿಸಿ, ಕುಲಸಚಿವರು ತಾವೇ ದಾಖಲೆ ಕೋಣೆಯ ಮೆಟ್ಟಿಲು ಹತ್ತಿದರು.