ಕಣ್ಣು ಬಿದ್ದ ಬಾನೆಟ್

"ಮುಟ್ಟ್‌ಬೇಡಿ!"

ದೀಕ್ಷಿತಾಳ ತೋರುಬೆರಳು ಕೆಂಪು ಕಾರಿನ ಬಾಗಿಲಿನಿಂದ ಒಂದಿಂಚು ದೂರದಲ್ಲಿ ನಿಂತಿತು.

ಹೆಮ್ಮಾಡಿಯ ಹೆದ್ದಾರಿ ಬದಿಯ ಪೇಂಟ್ ಶೆಡ್ಡಿನೊಳಗಿಂದ ಮಾಸ್ಕ್ ಕಟ್ಟಿದ ಒಬ್ಬ ಸ್ಪ್ರೇ ಗನ್ ಹಿಡಿದೇ ಓಡಿ ಬಂದಿದ್ದ. ಕಾಣುತ್ತಿದ್ದುದು ಎರಡು ಕಣ್ಣು ಮತ್ತು ತಗಡಿಗೆ ಮೆತ್ತುವ ಪುಟ್ಟಿಯ ಧೂಳು ಹಿಡಿದ ಕೂದಲು, ಅಷ್ಟೇ.

"ಹಸಿ ಪೇಂಟ್ ಮಾರಾಯ್ರೆ! ಬೆರಳ್ ತಾಗಿರೆ ನಂಗೆ ಮತ್ತೆ ಎರಡ್ ದಿನದ ಕೆಲ್ಸ."

"ನಾ ಮುಟ್ಟುಕೆ ಹೋಯ್ಲಿಲ್ಲ. ಕಂಡದ್ದ್ ಅಷ್ಟೇ."

ಸುಳ್ಳು. ಮುಟ್ಟಲೆಂದೇ ಹೋಗಿದ್ದಳು.

ಬೈಂದೂರಿನಲ್ಲಿ ಅವಳದ್ದೊಂದು ಡ್ರೈವಿಂಗ್ ಸ್ಕೂಲು. ಸ್ಕೂಲೆಂದರೆ ಒಂದು ಬೋರ್ಡು, ಒಂದು ಬಿಳಿ ಕಾರು, ಮತ್ತು ಅವಳು. ಬ್ಯಾಂಕಿನಿಂದ ನಿವೃತ್ತರಾದ ಭೋಜರಾಜ ಶೆಟ್ಟರು ಕಲಿಯಲು ಬಂದವರು ಬ್ರೇಕಿನ ಬದಲು ಆಕ್ಸಿಲರೇಟರ್ ಒತ್ತಿ, ತೆಂಗಿನ ಮರವನ್ನು ಹೋಗಿ ಮಾತಾಡಿಸಿದ್ದರು. ಬಾನೆಟ್ ನಜ್ಜುಗುಜ್ಜು. ಕಾರು ಸರಿಯಾಗುವವರೆಗೆ ಕ್ಲಾಸಿಲ್ಲ.

ಮಾಸ್ಕ್ ಇಳಿಸಿದ ಆ ಮನುಷ್ಯನ ಹೆಸರು ಯತೀಶ್. ಅವಳ ಕಾರಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು ತಲೆ ಓರೆ ಮಾಡಿದ.

"ಇದನ್ನ್ ಮುಂಚೆ ಒಂದ್ಸಲ ಪೇಂಟ್ ಮಾಡ್ಸಿದ್ರಿ, ಅಲ್ದಾ?"

"ಹ್ಯಾಂಗ್ ಗೊತ್ತಾಯ್ತ್?"

"ಟ್ಯೂಬ್‌ಲೈಟಿನ ನೆರಳ್ ಕಾಣಿ. ಬಾಗಿಲಲ್ಲಿ ಸೀದಾ ಕಾಣ್ತ್. ಬಾನೆಟ್ಟಲ್ಲಿ ಕಿತ್ಲೆ ಸಿಪ್ಪಿ ಹಾಂಗೆ ತರಿತರಿ. ಆ ಪೇಂಟರ್ ಗನ್ ದೂರ ಹಿಡ್ದ್ ಹೊಡ್ದಿದ."

ದೀಕ್ಷಿತಾ ಬಗ್ಗಿ ನೋಡಿದಳು. ಹೌದು! ಎರಡು ವರ್ಷದಿಂದ ಅದೇ ಕಾರು ಓಡಿಸುತ್ತಿದ್ದವಳಿಗೆ ಅದು ಕಂಡಿರಲಿಲ್ಲ.

ಯತೀಶ್ ಕೆಂಪು ಬಾಗಿಲಿನತ್ತ ಕೈ ತೋರಿಸಿದ. "ಇದ್ ನಾ ಹೊಡ್ದದ್ದ್. ಹ್ಯಾಂಗಿತ್ತ್?"

"ಅಡ್ಡಿಲ್ಲ," ಎಂದಳು.

ಅವನ ಮುಖ ಇಷ್ಟು ಸಣ್ಣದಾಯಿತು. ಪಾಪ, ಅವನಿಗೇನು ಗೊತ್ತು?

ಎರಡು ವರ್ಷದ ಹಿಂದೆ ಬ್ರಹ್ಮಾವರದ ನಿತೇಶನ ಜೊತೆ ಅವಳ ನಿಶ್ಚಿತಾರ್ಥವಾಗಿತ್ತು. ಆ ಮನೆಯ ಅಂಗಳದಲ್ಲಿ ಹೊಸ ಕಾರು ನಿಂತಿತ್ತು. "ಎಷ್ಟ್ ಚಂದ ಇತ್ತ್!" ಎಂದಿದ್ದಳು ದೀಕ್ಷಿತಾ, ಮನಸಾರೆ. ಮೂರನೇ ದಿನ ಅದು ಲಾರಿಗೆ ಗುದ್ದಿತು. ಯಾರಿಗೂ ಪೆಟ್ಟಾಗಲಿಲ್ಲ, ಸಂಬಂಧಕ್ಕೆ ಆಯಿತು. "ಹೆಣ್ಣಿನ ಕಣ್ಣ್ ಸಮ ಇಲ್ಲ," ಎಂದರು ಹುಡುಗನ ಸೋದರತ್ತೆ. ಮದುವೆ ಅಲ್ಲಿಗೇ ನಿಂತಿತು.

ಅಂದಿನಿಂದ ಅವಳು 'ಚಂದ' ಎಂಬ ಮಾತನ್ನೇ ಬಿಟ್ಟಿದ್ದಳು. ಪಕ್ಕದ ಮನೆಯ ಚೇತನಾಳ ಮಗುವನ್ನು ಎತ್ತಿಕೊಂಡರೂ ಅದರ ಮುಖ ನೋಡುತ್ತಿರಲಿಲ್ಲ, ಪಾದ ನೋಡುತ್ತಿದ್ದಳು. ದೃಷ್ಟಿಗಿಷ್ಟಿ ನಂಬುತ್ತೀಯಾ ಎಂದರೆ ಇಲ್ಲ ಎನ್ನುತ್ತಾಳೆ. ಆದರೂ...

ಕೆಲಸ ಎಲ್ಲಿಗೆ ಬಂತೆಂದು ನೋಡಲು ಬುಧವಾರ ಬಸ್ಸಿಳಿದು ಬಂದಾಗ ಯತೀಶನ ಕೂದಲು ಮಿರಮಿರ ಮಿಂಚುತ್ತಿತ್ತು. ನೀಟಾಗಿ ಬಾಚಿದ್ದ. ದೀಕ್ಷಿತಾ ಅದನ್ನು ಗಮನಿಸಿದಳು, ಗಮನಿಸದವಳಂತೆ ಚಹಾ ಕುಡಿದಳು. ತೆಂಗಿನ ಮರದ ಕಥೆ ಹೇಳಿದಾಗ ಅವನು ಬಿದ್ದು ಬಿದ್ದು ನಕ್ಕ. ಅವಳೂ ನಕ್ಕಳು. ತನ್ನ ನಗು ತನಗೇ ಕೇಳದೆ ಎಷ್ಟು ದಿನವಾಗಿತ್ತು!

ಅವಳು ಹೊರಟ ಮೇಲೆ ಅವನು ಬಾನೆಟ್ಟಿಗೆ ಪೇಂಟ್ ಹೊಡೆದ. ಸಂಜೆ ಫೋನು ಬಂತು.

"ಒಂಚೂರ್ ಹಾಳಾಯ್ತ್. ಉಜ್ಜಿ ಮತ್ತೆ ಹೊಡಿತೆ. ಶನಿವಾರ ಬನ್ನಿ, ಆಯ್ತಾ?"

ಶನಿವಾರವೂ ಹಾಗೇ ಆಯಿತು. ಚಹಾ, ನಗು, ಸಂಜೆ ಅದೇ ಫೋನು. ಹಾಳಾದದ್ದು ಹೇಗೆಂದು ಅವನು ಹೇಳಲಿಲ್ಲ. ನಿಜ ಹೇಳಬೇಕೆಂದರೆ ದೀಕ್ಷಿತಾಳಿಗೆ ಬೇಸರವೂ ಆಗಲಿಲ್ಲ. ಮತ್ತೆ ಹೋಗಬಹುದಲ್ಲ!

ಮಂಗಳವಾರ ಸ್ವಲ್ಪ ಬೇಗ ಬಂದಳು. ಶೆಡ್ಡಿನೊಳಗೆ ಯತೀಶ್ ಫೋನಿನಲ್ಲಿದ್ದ. ಅವನಿಗೆ ಕೆಲಸ ಕಲಿಸಿದ, ಮುಂಬೈಯ ಶೇಖರಣ್ಣನ ಜೊತೆ.

"ಹ್ವಾಯ್ ಶೇಖರಣ್ಣ, ಎರಡನೇ ಸಲವೂ ಕಣ್ಣ್ ಬಿತ್ತ್! ಬೇರೆ ಕಾರಿಗ್ ಎಂತ ಆಗುದಿಲ್ಲ... ಅವ್ರ್ ಬಂದ ದಿನವೇ ಬೀಳುದ್... ಹೌದ್, ಡ್ರೈವಿಂಗ್ ಸ್ಕೂಲಿನ ಹೆಣ್ಣೇ..."

ಕಣ್ಣು ಬಿತ್ತು. ಅವಳು ಬಂದ ದಿನವೇ.

ಕಾಲು ತನ್ನಷ್ಟಕ್ಕೆ ತಿರುಗಿತು. ಬೈಂದೂರಿನ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಅತ್ತಳು. 'ಇವನೂನಾ? ಅಷ್ಟು ನಗಿಸಿದವನು, ಇವನೂ ಇದನ್ನೇ ಹೇಳುವುದಾ!' ಮರವಂತೆ ದಾಟುವಷ್ಟರಲ್ಲಿ ಮೆಸೇಜು ಕಳಿಸಿದ್ದಳು: ಕಾರು ಆದ ಕೂಡಲೇ ತಿಳಿಸಿ, ಬೇರೆಯವರು ಬಂದು ತರುತ್ತಾರೆ.

ಇನ್ನೆರಡು ನಿಮಿಷ ನಿಂತಿದ್ದರೆ ಸಾಕಿತ್ತು. ಪೇಂಟಿನವರ 'ಕಣ್ಣು' ಬೇರೆ. ತಗಡಿನ ಮೇಲೆ ಚೂರೇ ಚೂರು ಎಣ್ಣೆಯೋ ಸಿಲಿಕೋನಿನ ಜಿಡ್ಡೋ ಉಳಿದಿದ್ದರೆ, ಹಸಿ ಪೇಂಟು ಅಲ್ಲಿ ಹಿಡಿಯದೆ ಸರಿದು ದುಂಡಗಿನ ಗುಳಿ ಬೀಳುತ್ತದೆ, ಥೇಟ್ ಮೀನಿನ ಕಣ್ಣು. ಹಾಗಾಗಿ ಶೇಖರಣ್ಣ ಕೇಳಿದ್ದು ಒಂದೇ ಪ್ರಶ್ನೆ.

"ಅವ್ಳ್ ಬಂದ ದಿನ ನೀ ಹೊಸತಾಗಿ ಎಂತ ಮಾಡ್ತೆ?"

ಯತೀಶನ ಕೈ ತಾನಾಗಿ ತಲೆಗೆ ಹೋಗಿತ್ತು.

ಮುಂದಿನೆರಡು ದಿನ ಅವನು ಮಾಡಿದ ಒಂದು ಕರೆಗೂ ಅವಳು ಉತ್ತರಿಸಲಿಲ್ಲ. ಶುಕ್ರವಾರ ಅವನೇ ಸ್ಕೂಲಿನ ಬೋರ್ಡು ಹುಡುಕಿಕೊಂಡು ಬೈಂದೂರಿಗೆ ಬಂದ. ಕಂಕುಳಲ್ಲಿ ಪೇಪರು ಸುತ್ತಿದ ಕಟ್ಟು. ಕೂದಲು ತೆಂಗಿನ ನಾರಿನಂತೆ ಕೆದರಿತ್ತು.

"ಫೋನ್ ಎಂತಕ್ಕೆ ತೆಗೀಲಿಲ್ಲ?"

"ನನ್ ಕಣ್ಣ್ ಬಿದ್ದ್ ನಿಮ್ ಕೆಲ್ಸ ಹಾಳಾಪುದ್ ಬ್ಯಾಡ ಅಂದೇಳಿ."

ಅವನಿಗೆ ಮೊದಲು ಅರ್ಥವಾಗಲಿಲ್ಲ. ಆದಾಗ ಬಾಗಿಲ ಚೌಕಟ್ಟಿಗೆ ಒರಗಿ ನಿಂತುಬಿಟ್ಟ.

"ಅಯ್ಯೋ... ಫೋನಲ್ಲಿ ಹೇಳಿದ್ದ್ ಕೇಂಡ್ರಾ?"

ಅವನು ಕಟ್ಟು ಬಿಚ್ಚಿ, ಬಿಳಿ ಪೇಂಟ್ ಹೊಡೆದ ಎರಡು ತಗಡಿನ ತುಂಡುಗಳನ್ನು ಮೇಜಿನ ಮೇಲಿಟ್ಟ. ಒಂದು ನುಣುಪಾಗಿತ್ತು. ಇನ್ನೊಂದರ ತುಂಬ ಸಣ್ಣ ಸಣ್ಣ ಗುಳಿ.

"ಈ ಗುಳಿಗೆ ನಾವ್ ಕಣ್ಣ್ ಅಂಬುದ್. ನಿಮ್ ಕಣ್ಣಲ್ಲ ಮಾರಾಯ್ರೆ. ಇದ್ ಹೇರ್ ಸೀರಂ!"

"ಸೀರಂ?"

"ತಲಿಗ್ ಹಾಕುದ್. ಅದ್ರಲ್ಲಿ ಸಿಲಿಕೋನ್ ಇತ್ತ್. ನೀವ್ ಬತ್ರಿ ಅಂದೇಳಿ ಬೆಳಿಗ್ಗೆ ಹಾಕಂಡೆ, ಅದೇ ಕೈಯಲ್ಲಿ ಬಾನೆಟ್ ಒರ್ಸಿದೆ. ಎರಡ್ ಸಲವೂ."

"ನಾ ಬಂದ್ರೆ ನೀವ್ ಎಂತಕ್ಕೆ ಸೀರಂ ಹಾಕುದ್?"

"ಅದನ್ನೂ ಬಾಯ್ಬಿಟ್ಟ್ ಹೇಳ್ಕಾ?"

"ಹೇಳ್ಕ್."

ಯತೀಶ್ ತಗಡನ್ನು ನೋಡಿಕೊಂಡೇ ಹೇಳಿದ. "ಚಂದ ಕಾಂಬುಕೆ. ನಿಮ್ಗೆ."

ದೀಕ್ಷಿತಾಳಿಗೆ ನಗು ಬಂತು, ಜೊತೆಗೇ ಕಣ್ಣೀರೂ ಬಂತು. ನಿತೇಶನ ಮನೆಯ ಕಥೆಯನ್ನು ಮೊದಲ ಬಾರಿ ಹೊರಗಿನವರೊಬ್ಬರಿಗೆ ಹೇಳಿದಳು. ಅವನು ಮಧ್ಯೆ ಬಾಯಿ ಹಾಕದೆ ಕೇಳಿದ.

"ನಾಳೆ ಬನ್ನಿ. ನೀವ್ ಎದುರ್ ನಿಂತ್ ಕಾಣಿ, ಆಗ ಹೊಡಿತೆ."

"ಬ್ಯಾಡ... ಮತ್ತೆ ಎಂತಾದ್ರೂ ಆದ್ರೆ?"

"ಆದ್ರೆ ಉಜ್ಜಿ ಮತ್ತೆ ಹೊಡಿತೆ. ನಂಗೆ ಗೊತ್ತಿಪ್ಪ ಕೆಲ್ಸ ಅದೇ ಅಲ್ದಾ?"

ರಾತ್ರಿಯಿಡೀ ಹೊರಳಾಡಿ, ಬೆಳಿಗ್ಗೆ ಬಸ್ಸು ಹತ್ತಿದಳು.

ಶೆಡ್ಡಿನ ನೆಲಕ್ಕೆ ಧೂಳು ಏಳದಂತೆ ನೀರು ಚಿಮುಕಿಸಿಯಾಗಿತ್ತು. ಅವನು ಸೋಪು ಹಚ್ಚಿ ಮೊಣಕೈವರೆಗೆ ತೊಳೆದು, ಹೊಸ ಗ್ಲೌಸ್ ಹಾಕಿ, ಬಾನೆಟ್ ಒರೆಸಿದ. ಅವಳಿಗೂ ಒಂದು ಮಾಸ್ಕ್ ಕೊಟ್ಟ. ಗನ್ ಸುಯ್ ಎಂದಿತು.

ದೀಕ್ಷಿತಾ ಕೈ ಬಿಗಿಹಿಡಿದು ನೋಡಿದಳು. ಮೊದಲ ಕೋಟು. ಈ ಮೂಲೆಯಿಂದ ಆ ಮೂಲೆಯವರೆಗೆ ಹುಡುಕಿದಳು, ಒಂದೂ ಗುಳಿಯಿಲ್ಲ. ಎರಡನೆಯದು, ಮೂರನೆಯದು, ಕೊನೆಗೆ ಹೊಳಪಿನ ಕೋಟು... ಇಲ್ಲ. ಟ್ಯೂಬ್‌ಲೈಟ್ ಬಾನೆಟ್ಟಿನೊಳಗೆ ಸೀದಾ ಮಲಗಿತ್ತು.

ಯತೀಶ್ ಮಾಸ್ಕ್ ಇಳಿಸಿದ. "ಹ್ಯಾಂಗಿತ್ತ್?"

ಅವಳೂ ಮಾಸ್ಕ್ ಇಳಿಸಿದಳು. ಎರಡು ವರ್ಷ ನುಂಗಿಕೊಂಡ ಮಾತು ಹೊರಬಂತು.

"ಚಂದ ಇತ್ತ್," ಎಂದಳು.

ಏನೂ ಆಗಲಿಲ್ಲ. ಹೆದ್ದಾರಿಯಲ್ಲಿ ಬಸ್ಸೊಂದು ಹಾರ್ನ್ ಹೊಡೆದು ಹೋಯಿತು. ಬಾನೆಟ್ ಇದ್ದ ಹಾಗೇ ಇತ್ತು.

"ಕೇಂಬ್ಲಿಲ್ಲ. ಇನ್ನೊಂದ್ಸಲ ಹೇಳಿ."

"ಎಷ್ಟ್ ಚಂದ ಇತ್ತ್!"

"ಬಾನೆಟ್ಟಾ?"

ಅವಳು ತಲೆಯೆತ್ತಿ, ಅವನ ಪಾದವನ್ನಲ್ಲ, ಧೂಳು ಹಿಡಿದ ಕೂದಲನ್ನು, ಮುಖವನ್ನು, ನೆಟ್ಟಗೆ ನೋಡಿದಳು.

"ಬಾನೆಟ್ ಅಡ್ಡಿಲ್ಲ. ನಾ ಚಂದ ಅಂದದ್ದ್ ನಿಮ್ಗೆ."

ಯತೀಶನ ಕೈ ತಲೆಗೆ ಹೋಯಿತು. "ಇವತ್ತ್ ಸೀರಂ ಹಾಕ್ಲಿಲ್ಲ..."

"ಇನ್ಮೇಲೂ ಹಾಕುದ್ ಬ್ಯಾಡ."