ಡಾಕ್ಟರ್ ಹೇಳಿದ ಬದನೆಕಾಯಿ

“ನಂಗೆ ವಾಂಗೀಬಾತ್ ಬೇಡ. ನೀನೂ ತಿನ್ಬೇಡ!”

ಮಾನ್ಯಾ ಅಮ್ಮನ ತಟ್ಟೆಯನ್ನೂ ತನ್ನ ಕಡೆಗೆ ಎಳೆದುಕೊಂಡಳು.

“ಏನಾಯ್ತೇ ನಿಂಗೆ? ವಾರ ವಾರ ಹಟ ಮಾಡಿ ಮಾಡಿಸ್ಕೊಳ್ಳೋಳು ನೀನೇ ತಾನೆ?” ಎಂದಳು ಅಮ್ಮ.

ಅದೇ ಮಾನ್ಯಾಳ ಚಿಂತೆ. ಅಮ್ಮನ ಕೆನ್ನೆಗಳ ಮೇಲೆ ಕಂದು ಕಲೆಗಳಾಗಿದ್ದವು. ಹೋದ ವಾರ ಅವರಿರುವ ಠಾಣೆ ಊರಿನ ಸ್ಕಿನ್ ಡಾಕ್ಟರ್ ಅವನ್ನು ನೋಡಿ ‘ಬದನೆಕಾಯಿ’ ಎಂದಿದ್ದರು. ಮಾನ್ಯಾ ಕಿವಿಯಾರೆ ಕೇಳಿದ್ದಳು. ಮರಾಠಿಯಲ್ಲಿ ಹೇಳಿದರೇನಂತೆ, ಅವಳಿಗೆ ಮರಾಠಿ ಬರುತ್ತದಲ್ಲ! ಈಗ ಅಮ್ಮನಿಗೆ ಇಂಜೆಕ್ಷನ್. ಅದೂ ಕೆನ್ನೆಗೇ. ಇವತ್ತು ಸಂಜೆಯೇ.

ಎಲ್ಲಾ ನನ್ನಿಂದಲೇ ಆಗಿದ್ದು ಎಂದುಕೊಂಡಳು ಮಾನ್ಯಾ.

ಸಂಜೆ ಡಾಕ್ಟರ್ ಪುಟ್ಟ ಸೂಜಿಯೊಂದನ್ನು ಕೈಗೆತ್ತಿಕೊಂಡರು.

“ಥಾಂಬಾ! ನಿಲ್ಲಿ ಡಾಕ್ಟರ್!” ಮಾನ್ಯಾ ಕುರ್ಚಿಯಿಂದ ಜಿಗಿದಳು. “ಇನ್ಮೇಲೆ ನಮ್ಮನೇಗೆ ಬದನೆಕಾಯಿ ತರೋದೇ ಇಲ್ಲ, ಪ್ರಾಮಿಸ್! ಇಂಜೆಕ್ಷನ್ ಮಾತ್ರ ಬೇಡ.”

“ಬದನೆಕಾಯಿನಾ?” ಡಾಕ್ಟರಿಗೆ ತಲೆಬುಡ ಗೊತ್ತಾಗಲಿಲ್ಲ.

“ನೀವೇ ಹೇಳಿದ್ರಲ್ಲ, ಅಮ್ಮನ ಕೆನ್ನೇಲಿರೋದು ವಾಂಗ ಅಂತ! ವಾಂಗ ಅಂದ್ರೆ ಬದನೆಕಾಯಿ ತಾನೆ?”

ಡಾಕ್ಟರ್ ನಕ್ಕ ರಭಸಕ್ಕೆ ಅವರ ಮಾಸ್ಕ್ ಮೂಗಿನಿಂದ ಜಾರಿತು. “ಅಗ ಬಾಳಾ, ವಾಂಗ ನಾಹೀ, ವಾಂಗ್!”

“ಅಯ್ಯೋ ಪೆದ್ದಿ, ಬಂಗು ಕಣೇ!” ಅಮ್ಮನಿಗೂ ನಗು ತಡೆಯಲಾಗಲಿಲ್ಲ. “ಮುಖದ ಮೇಲಿನ ಈ ಕಲೆಗೆ ನಾವು ಬಂಗು ಅಂತೀವಿ, ಇವರು ವಾಂಗ್ ಅಂತಾರೆ. ಬದನೆಕಾಯಿ ಪಾಪ, ಅದೇನು ಮಾಡ್ತು?”

“ಹಾಗಾದ್ರೆ... ನನ್ನಿಂದ ಬಂದಿದ್ದಲ್ವಾ?”

ಅಮ್ಮನ ನಗು ನಿಂತಿತು. “ವಾರದಿಂದ ಇದನ್ನೇ ತಲೇಲಿ ಇಟ್ಕೊಂಡು ಓಡಾಡ್ತಿದ್ಯಾ? ಇಲ್ಲ ಪುಟ್ಟಿ. ನಿನ್ನಿಂದ ಅಲ್ಲವೇ ಅಲ್ಲ.”

ಮಾನ್ಯಾಳಿಗೆ ಕುಣಿಯುವಷ್ಟು ಖುಷಿಯಾಯಿತು. “ಇಂಜೆಕ್ಷನ್ ಕೊಟ್ರೆ ಪೂರ್ತಿ ಹೋಗತ್ತಾ ಡಾಕ್ಟರ್?”

“ಪೂರ್ತಿ ಅಂತ ಹೇಳೋಕಾಗಲ್ಲ. ಕಲರ್ ಸ್ವಲ್ಪ ಲೈಟ್ ಆಗಬಹುದು, ನೋಡೋಣ,” ಎಂದರು ಡಾಕ್ಟರ್. “ಸರಿ, ಬದನೆಕಾಯಿ ಮೇಡಂ, ನೀವಿನ್ನು ಹೊರಗೆ ಕೂತ್ಕೊಳ್ಳಿ.”

ಮಾನ್ಯಾ ಬಾಗಿಲ ಕಡೆ ತಿರುಗಿದಳು. ಆದರೆ ಮುಂದೆ ಹೋಗಲಾಗಲಿಲ್ಲ. ಯಾರೋ ಅವಳ ಫ್ರಾಕನ್ನು ಹಿಡಿದಿದ್ದರು.

ಅಮ್ಮ!

ಅಮ್ಮ ಡಾಕ್ಟರತ್ತ ನೋಡಿ ಮುಗುಳ್ನಗುತ್ತಲೇ ಇದ್ದಳು. ಬೆರಳುಗಳು ಮಾತ್ರ ಫ್ರಾಕಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದವು. ಮುಟ್ಟಿದರೆ ತಣ್ಣಗಿದ್ದವು.

ಮಾನ್ಯಾ ಆ ಬೆರಳುಗಳನ್ನು ಮೆಲ್ಲಗೆ ಬಿಡಿಸಿ ತನ್ನ ಎರಡೂ ಕೈಗಳಲ್ಲಿ ಇಟ್ಟುಕೊಂಡಳು.

“ನಾನು ಇಲ್ಲೇ ಇರ್ತೀನಿ ಡಾಕ್ಟರ್,” ಎಂದಳು.